'ನೋವಾಗಿದ್ದರೆ' ಅನ್ನೋ ಪದದ ಕೊನೇ ಎರಡಕ್ಷರ: ಕ್ಷಮೆ ಕೇಳಿದ ರಾಜಕಾರಣಿನ ಕಾರ್ಟೂನ್ ಯಾಕೆ ಬಿಡಲ್ಲ?

ಪ್ರಶ್ನೆ: ಸರ್, ನಾನು ಹಾಸನ ಜಿಲ್ಲೆಯ ಒಂದು ಹೈಸ್ಕೂಲಲ್ಲಿ ಸಮಾಜ ವಿಜ್ಞಾನ ಹೇಳ್ಕೊಡ್ತೀನಿ. ವಾರಕ್ಕೊಂದ್ಸಲ ಪೇಪರಿನ ಕಾರ್ಟೂನ್ ಕತ್ತರಿಸ್ಕೊಂಡು ಹೋಗಿ ಮಕ್ಕಳ ಜೊತೆ ಮಾತಾಡೋ ಅಭ್ಯಾಸ. ಮೊನ್ನೆ, ಕ್ಷಮೆ ಕೇಳ್ತಿರೋ ಒಬ್ಬ ನಾಯಕರನ್ನ ಗೇಲಿ ಮಾಡಿದ್ದ ಚಿತ್ರ ತೋರಿಸ್ದೆ. ಒಂಬತ್ತನೇ ಕ್ಲಾಸಿನ ಹುಡುಗ ಒಬ್ಬ ಎದ್ದು ನಿಂತು "ಮಿಸ್, ತಪ್ಪು ಮಾಡಿದ್ರೆ ಸಾರಿ ಕೇಳ್ಬೇಕು ಅಂತ ನೀವೇ ಹೇಳ್ತೀರ, ಕೇಳಿದ್ರೆ ಹಿಂಗೆ ನಗ್ತಾರೆ, ಹಂಗಾದ್ರೆ ಯಾಕ್ ಕೇಳ್ಬೇಕು?" ಅಂದ. ನಂಗೆ ಉತ್ತರ ಹೊಳೀಲಿಲ್ಲ, ನಾಳೆ ಹೇಳ್ತೀನಿ ಅಂತ ಕೂರಿಸ್ದೆ. ಕಾರ್ಟೂನಿಸ್ಟ್‌ಗಳು ಮಾಡೋದು ಸರೀನಾ? ಆ ಹುಡುಗನಿಗೆ ಏನು ಹೇಳ್ಲಿ?

ಉತ್ತರ: ಮೇಡಂ, ನಿಮ್ಮ ಹುಡುಗನ ಪ್ರಶ್ನೆ ಓದಿ ಎರಡು ದಿನ ಅದನ್ನೇ ತಲೇಲಿಟ್ಕೊಂಡು ಓಡಾಡ್ದೆ. ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಒಂದು ದಿನಪತ್ರಿಕೆಯ ಸಂಪಾದಕೀಯ ಪುಟದ ಡೆಸ್ಕಲ್ಲಿ ಕೂತು, ದಿನಾ ಸಾಯಂಕಾಲ ಕಾರ್ಟೂನ್ ನೋಡಿ ಹೂಂ ಅಥವಾ ಊಹೂಂ ಅನ್ನೋದೇ ನನ್ನ ಕೆಲಸ ಆಗಿತ್ತು, ಈಗ ಪತ್ರಿಕೋದ್ಯಮದ ಮಕ್ಕಳಿಗೆ ಅದನ್ನೇ ಪಾಠ ಮಾಡ್ತೀನಿ, ಆದ್ರೂ ಇಷ್ಟು ನೇರವಾಗಿ ಯಾರೂ ಕೇಳಿರಲಿಲ್ಲ. ಮೊದಲೇ ಹೇಳಿಬಿಡ್ತೀನಿ, ಹುಡುಗ ಕೇಳಿದ್ದು ಅರ್ಧ ನಿಜ. ಕ್ಷಮೆ ಕೇಳಿದೋರನ್ನ ಕೇಳಿದ್ರು ಅನ್ನೋ ಒಂದೇ ಕಾರಣಕ್ಕೆ ನಗೋ ಕಾರ್ಟೂನ್‌ಗಳು ಇವೆ, ಅವು ಕೆಟ್ಟ ಕಾರ್ಟೂನ್‌ಗಳು. ಆದ್ರೆ ಒಳ್ಳೆ ಕಾರ್ಟೂನಿಸ್ಟ್ ನೋಡೋದೇ ಬೇರೆ ಕಡೆ. ಕ್ಷಮೆ ಕೇಳ್ತೀನಿ ಅಂತ ಹೊರಟೋರು ಅರ್ಧ ದಾರೀಲಿ ಯಾವ ಸಂದೀಲಿ ನುಸುಳ್ಕೊಂಡ್ರು ಅನ್ನೋದನ್ನ ಹಿಡೀತಾರೆ. ಆ ಸಂದಿ ನಮ್ಮ ಕನ್ನಡದಲ್ಲಿ ಎರಡೇ ಅಕ್ಷರದ್ದು: 'ದರೆ'.

"ನನ್ನ ಮಾತಿನಿಂದ ಯಾರಿಗಾದರೂ ನೋವಾಗಿದ್ದರೆ ವಿಷಾದಿಸುತ್ತೇನೆ." ಈ ವಾಕ್ಯ ನಾನು ಡೆಸ್ಕಲ್ಲಿದ್ದಾಗ ಎಷ್ಟು ಸಲ ತಿದ್ದಿದೀನೋ ಲೆಕ್ಕ ಇಲ್ಲ. ಇದರ ಜೊತೆಗೇ ಇನ್ನೊಂದು ಬರುತ್ತೆ, "ನನ್ನ ಹೇಳಿಕೆಯನ್ನು ತಿರುಚಲಾಗಿದೆ". ಎರಡೂ ಸೇರಿದ್ರೆ ಏನಾಯ್ತು ನೋಡಿ, ನಾನು ಹಂಗೆ ಹೇಳೇ ಇಲ್ಲ, ಆದ್ರೂ ನಿಮಗೆ ನೋವಾಗಿದ್ದರೆ, ಆಗಿದೆ ಅಂತ ನಾನು ಒಪ್ಪಿಲ್ಲ, ಆಗಿದ್ದರೆ, ಕ್ಷಮೆ ಅಲ್ಲ ವಿಷಾದ.

ಉದಾಹರಣೆಗೆ ನಮ್ಮೋರದ್ದೇ ಎರಡು ಘಟನೆ ತಗೊಳ್ಳೋಣ, ಬೇರೆ ಬೇರೆ ಪಕ್ಷದ್ದು, ಯಾಕಂದ್ರೆ ಇದು ಪಕ್ಷದ ರೋಗ ಅಲ್ಲ. 2017ರ ಡಿಸೆಂಬರ್ 24ಕ್ಕೆ ಕೊಪ್ಪಳ ಜಿಲ್ಲೆ ಕುಕನೂರಲ್ಲಿ ಆಗಿನ ಕೇಂದ್ರ ಸಚಿವ ಅನಂತಕುಮಾರ್ ಹೆಗಡೆ ಅವರು ಸಂವಿಧಾನ ಬದಲಾಯಿಸೋ ಮಾತಾಡಿದ್ರು, ಸಂಸತ್ತಲ್ಲಿ ಗಲಾಟೆ ಆಯ್ತು, 28ನೇ ತಾರೀಕು ಲೋಕಸಭೇಲಿ ಎದ್ದು ನಿಂತು ಸಂವಿಧಾನ, ಸಂಸತ್ತು, ಅಂಬೇಡ್ಕರ್ ನನಗೆ ದೊಡ್ಡವು ಅಂದ್ರು, ಮಾತನ್ನ ತಿರುಚಿದ್ದಾರೆ ಅಂತಾನೂ ಅಂದ್ರು, ಕೊನೆಗೆ ಯಾರಿಗಾದ್ರೂ ನೋವಾಗಿದ್ದರೆ ಕ್ಷಮೆ ಕೇಳೋಕೆ ಹಿಂಜರಿಕೆ ಇಲ್ಲ ಅಂದ್ರು. ಇನ್ನೊಂದು, 2021ರ ಡಿಸೆಂಬರ್ 16, ಬೆಳಗಾವಿ ಅಧಿವೇಶನ. ಮಾಜಿ ಸ್ಪೀಕರ್ ಕೆ.ಆರ್. ರಮೇಶ್ ಕುಮಾರ್ ಅವರು ಅತ್ಯಾಚಾರದ ಬಗ್ಗೆ ಒಂದು ಹೊಲಸು ಗಾದೆ ಹೇಳಿದ್ರು, ಪೀಠದಲ್ಲಿದ್ದ ಸ್ಪೀಕರ್ ಕಾಗೇರಿ ಅವರು ನಕ್ಕರು, ಸದನಾನೂ ನಕ್ಕಿತು. ದೇಶಾದ್ಯಂತ ಬೈಗುಳ ಬಂದ್ಮೇಲೆ ಮಾರನೇ ದಿನ ಸದನದಲ್ಲೇ, ಹೆಣ್ಣುಮಕ್ಕಳಿಗೆ ನೋವಾಗಿದ್ದರೆ ಕ್ಷಮೆ ಕೇಳೋಕೆ ತೊಂದರೆ ಏನಿಲ್ಲ, ಮನಸಾರೆ ಕೇಳ್ತೀನಿ ಅಂದ್ರು. ಕ್ಷಮೆ ಕೇಳಿಯಾಯ್ತು, ಇನ್ನು ಎಳೆಯೋದು ಬೇಡ ಅಂತ ಸ್ಪೀಕರ್ ಮುಗಿಸಿದ್ರು.

ಈ ಎರಡನೇ ಘಟನೇಲಿ ಕಾರ್ಟೂನಿಸ್ಟ್ ಮುಂದೆ ಏನು ಬಿದ್ದಿದೆ ಅಂತ ಯೋಚನೆ ಮಾಡಿ. ಕ್ಷಮೆ ಕೇಳಿದೋರು ಒಬ್ಬರು, ನಕ್ಕೋರು ಸುಮಾರು ಜನ. ಕ್ಷಮೆ ಕೇಳಿದೋರನ್ನ ಒಬ್ಬರನ್ನೇ ಕಿವಿ ಹಿಡ್ಕೊಂಡು ನಿಲ್ಲಿಸಿ ಬರೆದ್ರೆ ಆ ಚಿತ್ರ ಸುಳ್ಳಾಗುತ್ತೆ, ಯಾಕಂದ್ರೆ ಹಿಂದಿನ ಬೆಂಚಲ್ಲಿ ನಕ್ಕ ಹಲ್ಲುಗಳು ಚಿತ್ರದಿಂದ ತಪ್ಪಿಸ್ಕೊಂಡ್ವು. ಆ ವಾರ ನಾನು ಕ್ಲಾಸಲ್ಲಿ ಮಕ್ಕಳಿಗೆ ಇದನ್ನೇ ಬರೆಯೋಕೆ ಕೊಟ್ಟೆ. ಒಬ್ಬ ಹುಡುಗಿ, ಸಿಂಧನೂರು ಕಡೆಯವಳು, ಖಾಲಿ ಸದನ ಬರೆದಿದ್ಲು, ಕುರ್ಚಿಗಳ ಮೇಲೆ ಬರೀ ನಗೋ ಬಾಯಿಗಳು, ಒಂದೇ ಒಂದು ಬಾಯಿ ಮಾತ್ರ 'ಕ್ಷಮಿಸಿ' ಅಂತಿತ್ತು, ಮೇಲೆ ಗ್ಯಾಲರೀಲಿ ಸ್ಕೂಲ್ ಬ್ಯಾಗ್ ಹಾಕ್ಕೊಂಡ ಒಬ್ಬ ಹುಡುಗಿ ಕೆಳಗೆ ನೋಡ್ತಾ ನಿಂತಿದ್ಲು. ಕ್ಯಾಪ್ಶನ್ ಇರಲಿಲ್ಲ. ಅದನ್ನ ಈಗಲೂ ನನ್ನ ಮೇಜಿನ ಗಾಜಿನ ಕೆಳಗೆ ಇಟ್ಕೊಂಡಿದೀನಿ.

'ದರೆ' ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು, ಇಲ್ದಿದ್ರೆ ಯಾರಾದ್ರೂ ಕೇಳೇ ಕೇಳ್ತಾರೆ, ದೇವರ ಮುಂದೆ ನಾವೂ "ಗೊತ್ತಿದ್ದೋ ಗೊತ್ತಿಲ್ದೇನೋ ತಪ್ಪಾಗಿದ್ರೆ ಕ್ಷಮಿಸಪ್ಪ" ಅಂತೀವಲ್ಲ, ಅಲ್ಲೂ 'ದ್ರೆ' ಇದೆಯಲ್ಲ ಅಂತ. ಹೌದು ಇದೆ. ಆದ್ರೆ ಅಲ್ಲಿ ಅದು ವಿನಯ, ನನಗೆ ಗೊತ್ತಿಲ್ಲದ ತಪ್ಪೂ ನಿನಗೆ ಗೊತ್ತು ಅಂತ. ನೋವು ತಿಂದ ಮನುಷ್ಯ ಎದುರಿಗೆ ನಿಂತು ನೋವಾಗಿದೆ ಅಂತ ಹೇಳ್ತಿರುವಾಗ 'ಆಗಿದ್ದರೆ' ಅನ್ನೋದು ಅವನ ಮಾತಿನ ಮೇಲೆ ಅನುಮಾನ. ನಮ್ಮಜ್ಜಿ ಹರಕೆ ತಪ್ಪಿಸಿದಾಗ ತಪ್ಪು ಕಾಣಿಕೆ ಕಟ್ಟಿಡೋಳು, ಅರಿಶಿನದ ಬಟ್ಟೇಲಿ ಒಂದು ರೂಪಾಯಿ, ಕಟ್ಟೋವಾಗ ಯಾವ ವರ್ಷದ ಯಾವ ಹರಕೆ ಅಂತ ಬಾಯಿಬಿಟ್ಟು ಹೇಳೋಳು. ತಪ್ಪಿನ ಹೆಸರು ಹೇಳದೆ ಗಂಟು ಬಿಗೀತಿರಲಿಲ್ಲ. ನಾನು ಯಾವುದೇ ಸಾರ್ವಜನಿಕ ಕ್ಷಮೆ ಕೇಳಿಸ್ಕೊಳ್ಳುವಾಗ ಆ ಗಂಟನ್ನೇ ನೆನೆಸ್ಕೊಳ್ತೀನಿ: ತಪ್ಪಿನ ಹೆಸರು ಬಂತಾ?

ಹೆಸರು ಬಂದ ಕ್ಷಮೆಗಳೂ ಇವೆ. 1984ರ ಸಿಖ್ ಹತ್ಯಾಕಾಂಡದ ಬಗ್ಗೆ ನಾನಾವತಿ ಆಯೋಗದ ವರದಿ ಬಂದ್ಮೇಲೆ 2005ರ ಆಗಸ್ಟಲ್ಲಿ ಮನಮೋಹನ್ ಸಿಂಗ್ ಸಂಸತ್ತಲ್ಲಿ, ಸಿಖ್ ಸಮುದಾಯಕ್ಕೆ ಅಷ್ಟೇ ಅಲ್ಲ ಇಡೀ ದೇಶಕ್ಕೆ ಕ್ಷಮೆ ಕೇಳೋಕೆ ಹಿಂಜರಿಯಲ್ಲ, ನಾಚಿಕೆಯಿಂದ ತಲೆ ತಗ್ಗಿಸ್ತೀನಿ ಅಂದ್ರು. ಅಲ್ಲಿ 'ದರೆ' ಇಲ್ಲ. ಹಂಗಂತ ಕಾರ್ಟೂನಿಸ್ಟ್ ಪೆನ್ ಕೆಳಗಿಡ್ಬೇಕಾ? ಬೇಡ. 21 ವರ್ಷ ಆದ್ಮೇಲೆ ಬಂದ ಕ್ಷಮೆ, ಹಿಂಸೆ ಮಾಡಿದೋರಲ್ಲದ ಒಬ್ಬ ಸಿಖ್ ಪ್ರಧಾನಿ ಬಾಯಲ್ಲಿ ಬಂದ ಕ್ಷಮೆ, ಶಿಕ್ಷೆ ಆಗದ ಎಷ್ಟೋ ಜನ ಇನ್ನೂ ಹೊರಗಿದ್ದಾಗ ಬಂದ ಕ್ಷಮೆ, ಇದರಲ್ಲಿ ಬರೆಯೋಕೆ ಬೇಕಾದಷ್ಟಿದೆ. ಆದ್ರೆ ಚೂಪು ತಲೆ ತಗ್ಗಿಸಿದೋರ ಕಡೆ ಇರಬಾರದು, ತಲೆ ತಗ್ಗಿಸ್ಬೇಕಾಗಿದ್ದು ತಗ್ಗಿಸದೆ ಪಕ್ಕದಲ್ಲಿ ನಿಂತೋರ ಕಡೆ ಇರ್ಬೇಕು.

ಇನ್ನೊಂದು ಬಗೆ ಇದೆ, ಕ್ಷಮೆ ನಿಜವಾಗಿ ಕೇಳ್ತಾರೆ, ಆದ್ರೆ ಯಾವುದಕ್ಕೆ ಅನ್ನೋದು ಜಾರಿರುತ್ತೆ. 2021ರ ನವೆಂಬರ್ 19, ಗುರುನಾನಕ್ ಜಯಂತಿ ದಿನ ಪ್ರಧಾನಿ ಮೋದಿ ಅವರು ಮೂರು ಕೃಷಿ ಕಾಯ್ದೆ ವಾಪಸ್ ಅಂತ ಹೇಳುವಾಗ ದೇಶವಾಸಿಗಳ ಕ್ಷಮೆ ಕೇಳಿದ್ರು, ನಮ್ಮ ತಪಸ್ಸಲ್ಲೇ ಏನೋ ಕೊರತೆ ಇತ್ತು ಅನ್ಸುತ್ತೆ, ದೀಪದ ಬೆಳಕಿನಂಥ ಸತ್ಯವನ್ನ ಕೆಲವು ರೈತ ಸೋದರರಿಗೆ ತಿಳಿಸಿ ಹೇಳೋಕೆ ಆಗಲಿಲ್ಲ ಅಂದ್ರು. ನಿಧಾನಕ್ಕೆ ಓದಿ. ಕಾಯ್ದೆ ತಪ್ಪು ಅಂತ ಅಲ್ಲಿ ಇಲ್ಲ, ಅರ್ಥ ಮಾಡಿಸೋಕೆ ಆಗದೇ ಇದ್ದದ್ದು ತಪ್ಪು. ದೀಪ, ತಪಸ್ಸು ಎರಡೂ ಕಣ್ಣಿಗೆ ಕಟ್ಟೋ ಮಾತು, ಕಾರ್ಟೂನಿಸ್ಟ್‌ಗೆ ಭಾಷಣ ಬರೆದೋರೇ ಚಿತ್ರ ಬರೆದು ಕೊಟ್ಟಂಗೆ. ಒಳ್ಳೆ ಕಾರ್ಟೂನಿಸ್ಟ್ ಕಣ್ಣು ಆ ದೀಪದ ಬುಡಕ್ಕೆ ಹೋಗುತ್ತೆ, ದೆಹಲಿ ಗಡೀಲಿ ಒಂದು ವರ್ಷ ಟ್ರ್ಯಾಕ್ಟರ್ ಟ್ರಾಲೀಲಿ ಮಲಗಿದೋರು ಇದ್ದದ್ದು ಅಲ್ಲೇ ಅಲ್ವಾ. ಹಂಗೇ 2024ರಲ್ಲಿ, ಮಹಾರಾಷ್ಟ್ರದ ಮಾಲ್ವಣದಲ್ಲಿ ಅವರೇ ಉದ್ಘಾಟನೆ ಮಾಡಿದ್ದ ಶಿವಾಜಿ ಪ್ರತಿಮೆ ಒಂಬತ್ತು ತಿಂಗಳು ತುಂಬೋ ಮೊದ್ಲೇ ಆಗಸ್ಟ್ 26ಕ್ಕೆ ಬಿತ್ತು, 30ಕ್ಕೆ ಪಾಲ್ಘರಲ್ಲಿ ಶಿವಾಜಿ ಮಹಾರಾಜರ ಪಾದಕ್ಕೆ ತಲೆ ಇಟ್ಟು ಕ್ಷಮೆ ಕೇಳ್ತೀನಿ ಅಂದ್ರು. ಅದೇ ಭಾಷಣದಲ್ಲಿ, ಸಾವರ್ಕರ್‌ಗೆ ಬೈದು ಕ್ಷಮೆ ಕೇಳದೇ ಇರೋರು ನಾವಲ್ಲ ಅಂತ ವಿರೋಧ ಪಕ್ಷದ ಕಡೆ ತಿರುಗಿದ್ರು. ತಲೆ ಪಾದದ ಮೇಲೆ, ಬೆರಳು ಬೇರೆಯೋರ ಕಡೆ. ಇಂಥಾದ್ದು ಸಿಕ್ಕಿದ್ರೆ ಪಕ್ಷ ಯಾವುದೇ ಇರ್ಲಿ ಕಾರ್ಟೂನಿಸ್ಟ್ ಬಿಡಲ್ಲ, ಬಿಡಲೂಬಾರದು.

ಕಾನೂನಿನ ಭಯಾನೂ ಒಂದು ಕಾರಣ, ಮರೀಬಾರದು. ಕ್ಷಮೆ ಅಂದ್ರೆ ತಪ್ಪೊಪ್ಪಿಗೆ, ತಪ್ಪೊಪ್ಪಿಗೆ ಅಂದ್ರೆ ಪರಿಹಾರದ ಬಿಲ್. ಜಲಿಯನ್‌ವಾಲಾಬಾಗ್‌ಗೆ ನೂರು ವರ್ಷ ಆಗೋಕೆ ಮೂರು ದಿನ ಮುಂಚೆ, 2019ರ ಏಪ್ರಿಲ್ 10ಕ್ಕೆ, ಬ್ರಿಟನ್ ಪ್ರಧಾನಿ ತೆರೇಸಾ ಮೇ ಪಾರ್ಲಿಮೆಂಟಲ್ಲಿ ಆಳವಾದ ವಿಷಾದ ಅಂದ್ರು, ಕ್ಷಮೆ ಅನ್ನೋ ಪದ ಹತ್ರ ಬಂದು ನಿಂತೋಯ್ತು. ವಕೀಲರು ತೂಗಿ ಕೊಟ್ಟ ಪದಗಳು ಹಂಗೇ ಇರುತ್ವೆ.

ಈಗ ಚಿತ್ರದ ಒಳಗೆ ಹೋಗೋಣ, ನಂಗೆ ಇಷ್ಟವಾದ ಭಾಗ ಇದೇ. ಕ್ಷಮೆ ಕೇಳೋದನ್ನ ಬರೆಯೋಕೆ ಕಾರ್ಟೂನಿಸ್ಟ್‌ಗಳ ಹತ್ರ ಹಳೇ ಪೆಟ್ಟಿಗೆ ಒಂದಿದೆ. ಯುರೋಪಲ್ಲಿ ಆ ಪೆಟ್ಟಿಗೇಲಿ ಮೇಲ್ಗಡೇನೇ ಇರೋದು ಕನೋಸಾ. 1077ರ ಜನವರೀಲಿ ಜರ್ಮನ್ ರಾಜ ನಾಲ್ಕನೇ ಹೆನ್ರಿ, ಪೋಪ್ ಕ್ಷಮೆ ಸಿಗಲಿ ಅಂತ ಕನೋಸಾ ಕೋಟೆ ಬಾಗಿಲಲ್ಲಿ ಹಿಮದಲ್ಲಿ ಬರಿಗಾಲಲ್ಲಿ ಮೂರು ದಿನ ನಿಂತಿದ್ದ ಅಂತ ಕಥೆ. ಸುಮಾರು ಎಂಟುನೂರು ವರ್ಷ ಆದ್ಮೇಲೂ 1872ರಲ್ಲಿ ಜರ್ಮನಿಯ ಚಾನ್ಸೆಲರ್ ಬಿಸ್ಮಾರ್ಕ್ "ನಾವು ಕನೋಸಾಗೆ ಹೋಗಲ್ಲ", ಅಂದ್ರೆ ಪೋಪ್ ಮುಂದೆ ಬಗ್ಗಲ್ಲ ಅಂತ ಸಂಸತ್ತಲ್ಲಿ ಗುಡುಗಿದ. ನಮ್ಮ ಪೆಟ್ಟಿಗೇಲಿ ಇರೋದು ಬೇರೆ: ಕಿವಿ ಹಿಡ್ಕೊಂಡು ಬಸ್ಕಿ ಹೊಡೆಯೋದು, ತಪ್ಪಾಯ್ತು ತಪ್ಪಾಯ್ತು ಅಂತ ಎರಡೂ ಕೆನ್ನೆ ಬಡ್ಕೊಳ್ಳೋದು, ಸಾಷ್ಟಾಂಗ ಬೀಳೋದು, ಮೊಸಳೆ ಕಣ್ಣೀರು. ಬಸ್ಕಿ ಇದ್ಯಲ್ಲ, ಅದು ನಮಗೆಲ್ಲ ಸ್ಕೂಲಿಂದ ಮೈಗೆ ಗೊತ್ತಿರೋದು, ದೊಡ್ಡ ಮಂತ್ರಿ ಬಸ್ಕಿ ಹೊಡೀತಿದಾರೆ ಅಂತ ಬರೆದ ತಕ್ಷಣ ಅವರು ಚಡ್ಡಿ ಹಾಕಿದ ಹುಡುಗ ಆಗಿಬಿಡ್ತಾರೆ, ನಗು ಬರೋದು ಅದಕ್ಕೇ.

ಪೆಟ್ಟಿಗೆ ಇರೋದೇ ಅಪಾಯಾನೂ ಹೌದು. ಡೆಡ್‌ಲೈನ್ ಹತ್ರ ಬಂದಾಗ ಕೈ ತಾನಾಗೇ ಮಾಮೂಲಿ ಚಿತ್ರಕ್ಕೆ ಹೋಗುತ್ತೆ. ನನ್ನ ಜೊತೆ ಕೆಲಸ ಮಾಡ್ತಿದ್ದ ಕಾರ್ಟೂನಿಸ್ಟ್ ಒಬ್ಬರು ಒಂದಿನ ಸಾಯಂಕಾಲ ಆರೂವರೆಗೆ ಚಿತ್ರ ತಂದ್ರು, ನಾಯಕರೊಬ್ಬರು ರೈತನ ಕಾಲಿಗೆ ಅಡ್ಡಬಿದ್ದಿರೋದು. ಚೆನ್ನಾಗೇ ಇತ್ತು. ನಾನು ಹೂಂ ಅನ್ನೋಕೆ ಮುಂಚೆ ಅವರೇ ಹಾಳೆ ಹಿಂದಕ್ಕೆ ಎಳ್ಕೊಂಡು "ಇಲ್ಲ, ಇದು ಸುಳ್ಳು" ಅಂದ್ರು. ರಬ್ಬರ್ ತಗೊಂಡು ಬಿದ್ದಿರೋ ನಾಯಕರ ತಲೆ ಅಷ್ಟೇ ಅಳಿಸಿದ್ರು. ಮೈ ಹಂಗೇ ಇದೆ, ಕೈ ಮುಗಿದೇ ಇದೆ, ಕಾಲು ನೀಟಾಗಿ ಚಾಚಿದೆ, ಬರೀ ತಲೆ ಒಂಚೂರು ಎತ್ತಿ ಬಲಗಡೆಗೆ ತಿರುಗಿಸಿದ್ರು, ಬಲಗಡೆ ಮೂಲೇಲಿ ಟಿವಿ ಕ್ಯಾಮೆರಾದ ಲೆನ್ಸ್ ಅರ್ಧ ಕಾಣೋ ಹಾಗೆ ಒಂದು ಗೋಲ ಎಳೆದ್ರು. ಹತ್ತು ನಿಮಿಷದ ಕೆಲಸ. ಮೊದಲನೇ ಚಿತ್ರದಲ್ಲಿ ಕ್ಷಮೆ ಕೇಳೋದೇ ತಮಾಷೆ ಆಗಿತ್ತು, ಎರಡನೇದರಲ್ಲಿ ಕ್ಷಮೆ ಯಾರ ಮುಂದೆ ಕೇಳ್ತಿದಾರೆ ಅನ್ನೋದು ಪ್ರಶ್ನೆ ಆಯ್ತು. ಬರೀ ಕತ್ತು ತಿರುಗಿದ್ದಕ್ಕೆ ಇಷ್ಟು ವ್ಯತ್ಯಾಸ.

ಈ ಪ್ರಶ್ನೇನ 1951ರಲ್ಲೇ ಒಬ್ಬ ಮೈಸೂರಿನೋರು ಬಗೆಹರಿಸಿ ಇಟ್ಟಿದಾರೆ. ಆರ್.ಕೆ. ಲಕ್ಷ್ಮಣ್, 1921ರಲ್ಲಿ ಮೈಸೂರಲ್ಲಿ ಹುಟ್ಟಿದೋರು, ಶುರೂಲಿ ನಮ್ಮ ಕನ್ನಡದ ಹಾಸ್ಯ ಪತ್ರಿಕೆ 'ಕೊರವಂಜಿ'ಗೂ ಬರೆದೋರು. ಟೈಮ್ಸ್ ಆಫ್ ಇಂಡಿಯಾದಲ್ಲಿ ಅವರ ಕಾಮನ್ ಮ್ಯಾನ್, ಚೌಕುಳಿ ಕೋಟು, ಕಚ್ಚೆ, ಕನ್ನಡಕ, ಒಂದಿನಾನೂ ಮಾತಾಡಲ್ಲ. ಮಂತ್ರಿ ಭರವಸೆ ಕೊಡಲಿ, ಸಮಜಾಯಿಷಿ ಕೊಡಲಿ, ಪಶ್ಚಾತ್ತಾಪ ಪಡಲಿ, ಈ ಮನುಷ್ಯ ಮೂಲೇಲಿ ನಿಂತು ನೋಡ್ತಿರ್ತಾನೆ. ಅಂದ್ರೆ ಯಾರಿಗೆ ಸಮಾಧಾನ ಸಲ್ಲಬೇಕೋ ಅವನು ಚೌಕಟ್ಟಿನ ಒಳಗೇ ಇದಾನೆ, ಅವನನ್ನ ಬಿಟ್ಟು ಮಾತಾಡೋಕೆ ಯಾವ ನಾಯಕರಿಗೂ ಆಗಲ್ಲ. ಡೆಕ್ಕನ್ ಹೆರಾಲ್ಡಲ್ಲಿ ಬಿ.ವಿ. ರಾಮಮೂರ್ತಿ ಅವರ ಮಿಸ್ಟರ್ ಸಿಟಿಜನ್ ಕೂಡ ಅದೇ ವಂಶದೋನು. ಕ್ಷಮೆ ಬಗ್ಗೆ ಬಂದ ಕಾರ್ಟೂನ್ ನನ್ನ ಮುಂದೆ ಬಂದ್ರೆ ಮೊದಲು ನೋಡೋದು ಇದನ್ನೇ, ನೋವು ತಿಂದೋರು ಚಿತ್ರದಲ್ಲಿ ಇದಾರಾ? ಇಲ್ಲ ಅಂದ್ರೆ ಕಾರ್ಟೂನಿಸ್ಟೂ ಆ ರಾಜಕಾರಣಿ ಮಾಡಿದ ತಪ್ಪನ್ನೇ ಮಾಡಿದ್ರು ಅಂತ ಅರ್ಥ.

ಹೊರಗಿನ ಎರಡು ಮೂರು ಘಟನೆ ಹೇಳ್ತೀನಿ, ಮಕ್ಕಳಿಗೆ ಹೇಳೋಕೆ ಅನುಕೂಲ ಆಗುತ್ತೆ. ಬ್ರಿಟನ್ನಿನ ನಿಕ್ ಕ್ಲೆಗ್, ಲಿಬರಲ್ ಡೆಮಾಕ್ರಾಟ್ ಪಕ್ಷದ ನಾಯಕ. 2010ರ ಚುನಾವಣೆಗೆ ಮುಂಚೆ ಕಾಲೇಜು ಫೀಸ್ ಏರಿಸೋದಕ್ಕೆ ಓಟು ಹಾಕಲ್ಲ ಅಂತ ವಿದ್ಯಾರ್ಥಿಗಳಿಗೆ ಸಹಿ ಮಾಡಿ ಕೊಟ್ಟಿದ್ರು, ಫೋಟೋ ಕೂಡ ತೆಗೆಸ್ಕೊಂಡಿದ್ರು. ಸರ್ಕಾರ ಸೇರಿದ್ರು, ಉಪಪ್ರಧಾನಿ ಆದ್ರು, ಫೀಸ್ ಮಿತಿ ವರ್ಷಕ್ಕೆ ಸುಮಾರು 3,300 ಪೌಂಡ್ ಇದ್ದದ್ದು 9,000 ಆಯ್ತು. 2012ರ ಸೆಪ್ಟೆಂಬರಲ್ಲಿ ಒಂದು ವಿಡಿಯೋ ಮಾಡಿ ಕ್ಷಮೆ ಕೇಳಿದ್ರು, ಮಾತು ಕೊಟ್ವಿ, ಉಳಿಸ್ಕೊಳ್ಳಲಿಲ್ಲ, ಅದಕ್ಕೆ ಸಾರಿ ಅಂತ. ನೋಡೋಕೆ 'ದರೆ' ಇಲ್ಲದ ಕ್ಷಮೆ. ಆದ್ರೆ ಇಡೀ ವಿಡಿಯೋ ನೋಡಿದ್ರೆ ಅವರು ಬೇಜಾರು ಮಾಡ್ಕೊಂಡಿದ್ದು ಆಗದ ಮಾತು ಕೊಟ್ಟಿದ್ದಕ್ಕೆ. ಅಂದ್ರೆ ಹುಡುಗರು ಕಟ್ಟೋ 9,000 ಹಂಗೇ ಉಳೀತು. ಒಂದೆರಡು ದಿನದಲ್ಲೇ ಆ ವಿಡಿಯೋದ ಮಾತುಗಳನ್ನೇ ಕತ್ತರಿಸಿ ಹಾಡು ಮಾಡಿ ಇಂಟರ್ನೆಟ್ಟಿಗೆ ಬಿಟ್ರು, ಪೇಪರ್ ಕಾರ್ಟೂನ್‌ಗಳದ್ದು ಬೇರೆ. ಕ್ಲೆಗ್ ಅವರ ಬಗ್ಗೆ ನನಗೆ ಗೌರವ ಬಂದಿದ್ದು ಅಲ್ಲಿ, ಆ ಹಾಡು ಮಾರೋಕೆ ಅವರೇ ಒಪ್ಪಿಗೆ ಕೊಟ್ರು, ದುಡ್ಡು ಶೆಫೀಲ್ಡಿನ ಮಕ್ಕಳ ಆಸ್ಪತ್ರೆಗೆ ಹೋಗಲಿ ಅಂದ್ರು. 2015ರಲ್ಲಿ ಅವರ ಪಕ್ಷ 57 ಸೀಟಿಂದ 8ಕ್ಕೆ ಇಳೀತು, ಅದಕ್ಕೆ ಬೇರೆ ಕಾರಣಗಳೂ ಇದ್ವು, ಹಾಡಿನಿಂದ ಇಳೀತು ಅಂತ ಯಾರೂ ಹೇಳಲ್ಲ.

ಕೆನಡಾದ ಪ್ರಧಾನಿ ಆಗಿದ್ದ ಜಸ್ಟಿನ್ ಟ್ರುಡೊ ಅವರದ್ದು ಇನ್ನೂ ವಿಚಿತ್ರ. 1914ರಲ್ಲಿ ಪಂಜಾಬಿನ ಜನ ತುಂಬಿದ್ದ ಕೊಮಗಾಟ ಮಾರು ಹಡಗು, 376 ಪ್ರಯಾಣಿಕರು, ವ್ಯಾಂಕೂವರ್ ದಡ ಮುಟ್ಟಿದ್ರೂ ಹೆಚ್ಚಿನೋರನ್ನ ಇಳಿಯೋಕೆ ಬಿಡದೆ ವಾಪಸ್ ಕಳಿಸಿದ್ರು, ಕೊಲ್ಕತ್ತಾ ಹತ್ರ ಬಜ್ ಬಜ್‌ಗೆ ಬಂದಾಗ ಬ್ರಿಟಿಷ್ ಪೊಲೀಸರ ಗುಂಡಿಗೆ ಜನ ಸತ್ರು. ಇದಕ್ಕೆ ಟ್ರುಡೊ 2016ರ ಮೇ 18ರಂದು ಕೆನಡಾ ಪಾರ್ಲಿಮೆಂಟಲ್ಲಿ ಕ್ಷಮೆ ಕೇಳಿದ್ರು, ತಪ್ಪಿನ ಹೆಸರು ಹೇಳಿ, ನೊಂದೋರ ಮನೆತನದೋರು ಗ್ಯಾಲರೀಲಿ ಕೂತಿದ್ದಾಗ. ಅದೇ ದಿನ ಅದೇ ಸದನದಲ್ಲಿ, ಗಲಾಟೆ ಮಧ್ಯೆ ಒಬ್ಬ ಸಂಸದರ ತೋಳು ಹಿಡಿದು ಎಳೆಯೋಕೆ ಹೋಗಿ ಇನ್ನೊಬ್ಬ ಸಂಸದೆಗೆ ಮೊಣಕೈ ತಾಗಿಸಿ, ಅದಕ್ಕೂ ಮತ್ತೆ ಮತ್ತೆ ಕ್ಷಮೆ ಕೇಳ್ಬೇಕಾಯ್ತು. ನೂರಾ ಎರಡು ವರ್ಷದ ನೋವಿಗೆ ಕೇಳಿದ ಕ್ಷಮೆ ಸುದ್ದೀಲಿ ಮೊಣಕೈ ಕೆಳಗೆ ಹೋಯ್ತು. ಕಾರ್ಟೂನಿಸ್ಟ್ ಎಷ್ಟು ಎಚ್ಚರದಿಂದ ಇರ್ಬೇಕು ಅನ್ನೋಕೆ ಇದಕ್ಕಿಂತ ಒಳ್ಳೆ ಉದಾಹರಣೆ ನಂಗೆ ಗೊತ್ತಿಲ್ಲ, ಎರಡನೇದನ್ನ ನಗಬಹುದು, ನಗೋವಾಗ ಮೊದಲನೇದನ್ನ ತುಳೀಬಾರದು.

ಬ್ರಿಟನ್ ಪ್ರಧಾನಿ ಆಗಿದ್ದ ಬೋರಿಸ್ ಜಾನ್ಸನ್ ಅವರದ್ದು ಸುಲಭದ ಕೇಸು. ಲಾಕ್‌ಡೌನಲ್ಲಿ ತಮ್ಮ ಮನೆ ತೋಟದಲ್ಲಿ ನಡೆದ ಪಾರ್ಟಿಗೆ 2022ರ ಜನವರಿ 12ಕ್ಕೆ ಕ್ಷಮೆ ಕೇಳ್ತಾ, ಅದು ಆಫೀಸ್ ಕೆಲಸದ ಕಾರ್ಯಕ್ರಮ ಅಂದ್ಕೊಂಡಿದ್ದೆ ಅಂದ್ರು, ಕಾರ್ಟೂನಿಸ್ಟ್‌ಗಳು ಸೇರಿಸೋದಕ್ಕೆ ಏನೂ ಉಳಿಸಲಿಲ್ಲ.

ಅರವಿಂದ್ ಕೇಜ್ರಿವಾಲ್ ಅವರದ್ದೂ ಹೇಳ್ಬೇಕು. 2018ರ ಮಾರ್ಚ್ ಏಪ್ರಿಲ್‌ಲ್ಲಿ ಮಾನನಷ್ಟ ಕೇಸುಗಳು ಮುಗೀಲಿ ಅಂತ ಪಂಜಾಬಿನ ಅಕಾಲಿ ದಳದ ಮಜೀಠಿಯಾ, ಗಡ್ಕರಿ, ಕಪಿಲ್ ಸಿಬಲ್, ಆಮೇಲೆ ಜೇಟ್ಲಿ ಹೀಗೆ ಸಾಲಾಗಿ ಕ್ಷಮೆ ಪತ್ರ ಕೊಟ್ರು. ಪಂಜಾಬಲ್ಲಿ ಅವರ ಪಕ್ಷದ ಅಧ್ಯಕ್ಷ ಭಗವಂತ್ ಮಾನ್ ಬೇಸತ್ತು ಹುದ್ದೆಗೆ ರಾಜೀನಾಮೆ ಕೊಟ್ರು. ಕ್ಷಮೆ ಪತ್ರ ಜೆರಾಕ್ಸ್ ಮಾಡೋ ಥರದ ಜೋಕುಗಳು ಆಗ ತುಂಬಾ ಓಡಿದ್ವು, ನಾನು ಅವನ್ನ ಅಷ್ಟು ಮೆಚ್ಚಲಿಲ್ಲ. ಸಾಕ್ಷಿ ಇಲ್ಲದ ಆರೋಪ ವಾಪಸ್ ತಗೊಳ್ಳೋದು ಕಷ್ಟದ ಕೆಲಸ, ಅದನ್ನ ನಗೋ ಬದಲು, ಮೊದಲು ಆರೋಪ ಮಾಡಿದಾಗ ಚಪ್ಪಾಳೆ ಹೊಡೆದ ಎಲ್ಲರನ್ನೂ ಚಿತ್ರದಲ್ಲಿ ತರಬೇಕಿತ್ತು.

ನಾವು ತಪ್ಪು ಮಾಡಿದ್ದೂ ಇದೆ, ನಿಮ್ಮ ಹುಡುಗನಿಗೆ ಅದನ್ನ ಖಂಡಿತ ಹೇಳಿ. ಎಷ್ಟೋ ವರ್ಷದ ಹಿಂದೆ ಒಂದು ತಾಲ್ಲೂಕಲ್ಲಿ ಸೇತುವೆ ಕೆಲಸ ನಡೀತಿದ್ದಾಗ ಗೋಡೆ ಕುಸಿದು ಇಬ್ಬರು ಕೂಲಿಯೋರು ತೀರಿಹೋದ್ರು. ಅಲ್ಲಿನ ಜನಪ್ರತಿನಿಧಿ ಒಬ್ಬರು, ಕಂಟ್ರಾಕ್ಟರ್ ಬಗ್ಗೆ ದೂರು ಬಂದಿದ್ದಾಗ ನಾನು ಸುಮ್ಮನಿದ್ದೆ, ಅದು ನನ್ನ ತಪ್ಪು ಅಂತ ಮೀಟಿಂಗಲ್ಲಿ ಹೇಳಿ ಅತ್ತರು. ಅಳೋ ಫೋಟೋ ಬಂತು, ನಾವು ಮೊಸಳೆ ಬರೆದ್ವಿ. ನಾನೇ ಹೂಂ ಅಂದಿದ್ದು. ಮಾರನೇ ದಿನ ಆಫೀಸಿಗೆ ಫೋನ್ ಬಂತು, ತೀರಿಹೋದೋರ ಹೆಂಡತಿ. ಜೋರು ಮಾಡಲಿಲ್ಲ ಆಯಮ್ಮ. "ಅವ್ರು ಮೊದ್ಲು ನಮ್ಮನೇಗೆ ಬಂದು ನೆಲದ ಮೇಲೆ ಕೂತು ಅತ್ತಿದ್ರು ಸ್ವಾಮಿ, ಆಗ ಯಾವ ಕ್ಯಾಮ್ರಾನೂ ಇರ್ಲಿಲ್ಲ, ನಿಮಗದು ಗೊತ್ತಿರ್ಲಿಲ್ಲ, ಸರಿ, ಆದ್ರೆ ಕೇಳ್ಬಹುದಿತ್ತಲ್ಲ" ಅಂದ್ರು. ನಾನು ತಪ್ಪಾಯ್ತು ಅಮ್ಮ ಅಂದೆ, ಅದಕ್ಕಿಂತ ಬೇರೆ ಮಾತು ಬರಲಿಲ್ಲ. ಆ ಚಿತ್ರದಲ್ಲಿ ಆಯಮ್ಮ ಇರಲೇ ಇಲ್ಲ, ಇದ್ದಿದ್ರೆ ನಾವು ವರದಿಗಾರನಿಗೆ ಫೋನ್ ಮಾಡಿ ಆ ಮನೇಲಿ ಏನಂತಾರೆ ಅಂತ ಕೇಳ್ತಿದ್ವಿ, ಮೊಸಳೆ ಬರೀತಿರಲಿಲ್ಲ. ಅವತ್ತಿಂದ ಕ್ಷಮೆ ಮೇಲಿನ ಯಾವ ಕಾರ್ಟೂನನ್ನೂ ನೊಂದೋರ ಕಡೆಯಿಂದ ಒಂದು ಮಾತು ತಿಳ್ಕೊಳ್ಳದೆ ಪಾಸ್ ಮಾಡಿಲ್ಲ.

ಹಂಗಾದ್ರೆ ಕಾರ್ಟೂನಿಸ್ಟ್ ಕ್ಷಮಿಸೋದು ಹೆಂಗೆ? ಅಮೆರಿಕದ ವಾಷಿಂಗ್ಟನ್ ಪೋಸ್ಟಲ್ಲಿ ಹರ್ಬರ್ಟ್ ಬ್ಲಾಕ್ ಅಂತ ಇದ್ರು, ಹರ್ಬ್ಲಾಕ್ ಅಂತಾನೇ ಹೆಸರು. ನಿಕ್ಸನ್ ಅವರನ್ನ ವರ್ಷಾನುಗಟ್ಟಲೆ ಕುರುಚಲು ಗಡ್ಡದಲ್ಲೇ ಬರೀತಿದ್ರು, ಒಂಥರಾ ಕಳ್ಳನ ಮುಖ. 1968ರಲ್ಲಿ ನಿಕ್ಸನ್ ಅಧ್ಯಕ್ಷರಾಗಿ ಗೆದ್ದಾಗ ಹರ್ಬ್ಲಾಕ್ ತಮ್ಮ ಕೋಣೇನ ಕ್ಷೌರದಂಗಡಿ ಥರ ಬರೆದು, ಹೊಸ ಅಧ್ಯಕ್ಷರಿಗೆ ಈ ಅಂಗಡೀಲಿ ಒಂದು ಶೇವ್ ಫ್ರೀ ಅಂತ ಬೋರ್ಡ್ ಹಾಕಿದ್ರು. ಗಡ್ಡ ಹೋಯ್ತು. ಹಳೇದು ಬಿಟ್ಟೆ, ಹೊಸದಾಗಿ ಶುರು ಮಾಡಿ ಅಂತ ಅರ್ಥ. ಆಮೇಲೆ ವಾಟರ್‌ಗೇಟ್ ಬಂತು, ವಿರೋಧ ಪಕ್ಷದ ಆಫೀಸಿಗೆ ನುಗ್ಗಿದ ಕೇಸನ್ನ ಮುಚ್ಚಿಹಾಕೋಕೆ ಹೋದ ಹಗರಣ, ನಿಕ್ಸನ್ ಆಫೀಸಿನ ಮಾತುಕತೆಯ ಟೇಪುಗಳೇ ಸಾಕ್ಷಿ ಆದ್ವು. 1974ರ ಮೇ 24ಕ್ಕೆ ಅದೇ ಹರ್ಬ್ಲಾಕ್ ಬರೆದಿದ್ದು, ರೆಕಾರ್ಡಿಂಗ್ ಟೇಪಿನ ಹರಿದ ತುದಿಗಳನ್ನ ಎರಡೂ ಕೈಲಿ ಹಿಡ್ಕೊಂಡು ನೇತಾಡ್ತಿರೋ ನಿಕ್ಸನ್, "ನಾನು ಕಳ್ಳ ಅಲ್ಲ" ಅನ್ನೋ ವಾಕ್ಯದ 'ಅಲ್ಲ' ಮಾತ್ರ ಹಲ್ಲಲ್ಲಿ ಕಚ್ಕೊಂಡಿದ್ದು. ಆಗಸ್ಟ್ 8ಕ್ಕೆ ರಾಜೀನಾಮೆ ಹೇಳುವಾಗಲೂ ನಿಕ್ಸನ್ ಅವರು, ನನ್ನ ಕೆಲವು ತೀರ್ಮಾನ ತಪ್ಪಾಗಿದ್ದರೆ, ಅಂತಾನೇ ಶುರು ಮಾಡಿದ್ರು, ಕೆಲವು ತಪ್ಪಾಗಿದ್ವು ಅಂತ ಹಿಂದೇನೇ ಸೇರಿಸಿದ್ರೂ. ಇಂಗ್ಲಿಷಲ್ಲೂ ಅದೇ 'ದರೆ'.

ಕಾರ್ಟೂನ್ ಬರುತ್ತೆ ಅನ್ನೋ ಹೆದರಿಕೆಗೆ ನಾಯಕರು ಕ್ಷಮೆ ಕೇಳೋದನ್ನೇ ಬಿಡ್ತಾರೆ ಅನ್ನೋ ಮಾತನ್ನ ನಾನು ಒಪ್ಪಲ್ಲ. ಕ್ಷಮೆ ಕೇಳದೇ ಇರೋರನ್ನ ಕಾರ್ಟೂನಿಸ್ಟ್‌ಗಳು ಬರೆಯೋದು ಇನ್ನೂ ಜಾಸ್ತಿ, ಇನ್ನೂ ಖಾರ. ಆದ್ರೆ ಕಾರ್ಟೂನಿಸ್ಟ್‌ಗಳೇ ಕ್ಷಮೆ ಕೇಳ್ಬೇಕು ಅನ್ನೋ ಒತ್ತಡ ಇದೆಯಲ್ಲ, ಅದು ನಿಜವಾದ ಭಯ. ತಮಿಳುನಾಡಲ್ಲಿ 1987ರಲ್ಲಿ 'ಆನಂದ ವಿಕಟನ್' ವಾರಪತ್ರಿಕೆಯ ಮುಖಪುಟದಲ್ಲಿ ಒಂದು ನಗೆಚಿತ್ರ ಬಂತು. ವೇದಿಕೆ ಮೇಲೆ ಕೂತಿರೋರಲ್ಲಿ ಶಾಸಕ ಯಾರು ಮಂತ್ರಿ ಯಾರು ಅಂತ ಒಬ್ಬ ಕೇಳ್ತಾನೆ, ಜೇಬುಗಳ್ಳನ ಥರ ಕಾಣೋನು ಶಾಸಕ, ಮುಸುಕು ಕಳ್ಳನ ಥರ ಕಾಣೋನು ಮಂತ್ರಿ ಅಂತ ಇನ್ನೊಬ್ಬ ಹೇಳ್ತಾನೆ. ವಿಧಾನಸಭೆ ಕ್ಷಮೆ ಕೇಳಿ ಅಂತು. ಸಂಪಾದಕ ಎಸ್. ಬಾಲಸುಬ್ರಮಣಿಯನ್ ಆಗಲ್ಲ ಅಂದ್ರು. ಮೂರು ತಿಂಗಳ ಕಠಿಣ ಸಜೆ ಹಾಕಿ ಜೈಲಿಗೆ ಕಳಿಸಿದ್ರು. ದೇಶದ ಪತ್ರಿಕೆಗಳೆಲ್ಲ ಎದ್ದು ನಿಂತ್ವು, ಕೆಲವೇ ದಿನದಲ್ಲಿ ಬಿಡ್ಬೇಕಾಯ್ತು. ಅವರು ಅಷ್ಟಕ್ಕೇ ಬಿಡದೆ ಮದ್ರಾಸ್ ಹೈಕೋರ್ಟಿಗೆ ಹೋಗಿ ಗೆದ್ರು, ಪರಿಹಾರ ಸಿಕ್ಕಿದ್ದು 1,000 ರೂಪಾಯಿ. ಕ್ಷಮೆ ಕೇಳೋದು ದೊಡ್ಡ ಗುಣ ಅನ್ನೋದನ್ನ ಮಕ್ಕಳಿಗೆ ಕಲಿಸುವಾಗ, ತಪ್ಪು ಮಾಡದೇ ಇದ್ದಾಗ ಕೇಳಲ್ಲ ಅನ್ನೋದೂ ಅಷ್ಟೇ ದೊಡ್ಡದು ಅಂತ ಈ ಕಥೆ ಹೇಳ್ಕೊಡಿ.

ಈಗ ನಿಮ್ಮ ಹುಡುಗನ ವಿಷಯಕ್ಕೆ. ಅವನಿಗೆ ಉತ್ತರ ಹೇಳ್ಬೇಡಿ, ಒಂದು ಕೆಲಸ ಕೊಡಿ. ಕಳೆದ ಒಂದು ವರ್ಷದಲ್ಲಿ ಯಾರಾದ್ರೂ ನಾಯಕರು ಕೇಳಿದ ಕ್ಷಮೆಯ ಪೂರ್ತಿ ಮಾತನ್ನ ಪೇಪರಿಂದ ಬೋರ್ಡ್ ಮೇಲೆ ಬರೀಲಿ, 'ದರೆ' ಇದ್ರೆ ಕೆಂಪು ಚಾಕಲ್ಲಿ ಸುತ್ತು ಹಾಕಲಿ, ತಪ್ಪಿನ ಹೆಸರು ಇದ್ರೆ ಹಸಿರು ಚಾಕಲ್ಲಿ. ಆಮೇಲೆ ನೀವು ಮೊನ್ನೆ ತೋರಿಸಿದ ಕಾರ್ಟೂನನ್ನ ಪಕ್ಕದಲ್ಲಿ ಅಂಟಿಸಿ, ಚಿತ್ರದ ಚೂಪು ಕೆಂಪು ಸುತ್ತಿಗೆ ತಾಗುತ್ತಾ ಹಸಿರಿಗೆ ತಾಗುತ್ತಾ ಅಂತ ಅವನೇ ನೋಡ್ಲಿ. ಹಸಿರಿಗೆ ತಾಗಿದ್ರೆ ನಿಮ್ಮ ಹುಡುಗ ಗೆದ್ದ, ಆ ಕಾರ್ಟೂನಿಸ್ಟ್‌ಗೆ ಅವನ ಕೈಲೇ ಒಂದು ಪತ್ರ ಬರೆಸಿ, ಉತ್ತರ ಬಂದ್ರೂ ಬರಬಹುದು. ಬೆಂಗಳೂರಿಗೆ ಸ್ಕೂಲ್ ಟ್ರಿಪ್ ಬಂದ್ರೆ ಎಂ.ಜಿ. ರಸ್ತೆ ಹತ್ರ ಮಿಡ್‌ಫೋರ್ಡ್ ಗಾರ್ಡನ್‌ಲ್ಲಿ ಭಾರತೀಯ ವ್ಯಂಗ್ಯಚಿತ್ರಕಾರರ ಸಂಸ್ಥೆಯ ಗ್ಯಾಲರಿ ಇದೆ, ಅಲ್ಲಿಗೂ ಕರ್ಕೊಂಡು ಬನ್ನಿ, ಮೂಲ ಚಿತ್ರದಲ್ಲಿ ಅಳಿಸಿ ತಿದ್ದಿದ ಗೆರೆಗಳು ಕಾಣುತ್ವೆ, ಕತ್ತು ಯಾವ ಕಡೆ ತಿರುಗಿತ್ತು ಆಮೇಲೆ ಯಾವ ಕಡೆ ತಿರುಗಿಸಿದ್ರು ಅನ್ನೋದು ಅಚ್ಚಾದ ಪೇಪರಲ್ಲಿ ಗೊತ್ತಾಗಲ್ಲ.